ಡಾಂಟೆ ಆಡಿಯೋ ನೆಟ್‌ವರ್ಕ್ ಜೋಡಿಸುವುದು ಹೇಗೆ: ಮೊದಲು ಟೇಬಲ್ ಮೇಲೆ, ಆಮೇಲೆ ರ‍್ಯಾಕ್‌ಗೆ

ಹೊಸ ಸ್ಟೇಜ್ ಬಾಕ್ಸ್ (ವೇದಿಕೆಯ ಮೈಕ್‌ಗಳನ್ನು ಚುಚ್ಚುವ ಪೆಟ್ಟಿಗೆ) ಬಂದ ದಿನ ಕೈ ಸುಮ್ಮನಿರುವುದಿಲ್ಲ. ಡಬ್ಬ ಬಿಚ್ಚಿದ್ದೇ ರ‍್ಯಾಕ್‌ಗೆ ಸ್ಕ್ರೂ ಹಾಕಿ, ಗೋಡೆ ಪಕ್ಕ ಕೇಬಲ್ ಎಳೆದು, ಪವರ್ ಕೊಟ್ಟು ನೋಡೋಣ ಅನ್ನಿಸುತ್ತದೆ. ದಯವಿಟ್ಟು ಅರ್ಧ ದಿನ ತಡೆಯಿರಿ. ಸ್ಟೇಜ್ ಬಾಕ್ಸ್, ಮಿಕ್ಸರ್, ಆಂಪ್, ನೆಟ್‌ವರ್ಕ್ ಸ್ವಿಚ್, ರೆಕಾರ್ಡಿಂಗ್ ಲ್ಯಾಪ್‌ಟಾಪ್ ಎಲ್ಲವನ್ನೂ ಒಂದೇ ಟೇಬಲ್ ಮೇಲೆ ಇಡಿ. ಮೊಳದುದ್ದದ ಕೇಬಲ್‌ಗಳಲ್ಲಿ ಜೋಡಿಸಿ. ಹೆಸರಿಡಿ, ಕ್ಲಾಕ್ (ಸಾಧನಗಳ ಗಡಿಯಾರ) ಸರಿ ಮಾಡಿ, ಒಂದು ಮೈಕ್‌ನಲ್ಲಿ ಮಾತಾಡಿ, ಆ ದನಿ ಕೊನೆಯ ಆಂಪ್‌ವರೆಗೆ ಹೋಯಿತಾ ಕೇಳಿ. ಇಷ್ಟಾದ ಮೇಲೆ ಬಿಚ್ಚಿ ಅವುಗಳ ಜಾಗಕ್ಕೆ ಒಯ್ಯಿರಿ. ಆಗ ಜಾಗದಲ್ಲಿ ಏನಾದರೂ ಕೈಕೊಟ್ಟರೆ ಹುಡುಕಬೇಕಾದದ್ದು ಕೇಬಲ್ ಒಂದನ್ನೇ, ಉಳಿದದ್ದೆಲ್ಲ ಸರಿಯಿದೆ ಅಂತ ಮೊದಲೇ ಗೊತ್ತಿರುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅನಲಾಗ್ ಕಾಲದಲ್ಲಿ ವೈರ್ ಹಿಡಿದುಕೊಂಡು ಹೋದರೆ ಸಿಗ್ನಲ್ ಎಲ್ಲಿ ಹೋಗುತ್ತದೆ ಅಂತ ಗೊತ್ತಾಗುತ್ತಿತ್ತು. 7ನೇ ಮೈಕ್ ಬರುತ್ತಿಲ್ಲವಾ, 7ನೇ ವೈರ್ ನೋಡು. ಇಲ್ಲಿ ಒಂದೇ ಕೇಬಲ್‌ನಲ್ಲಿ ಎಲ್ಲವೂ ಹರಿಯುತ್ತದೆ. ಯಾವುದು ಎಲ್ಲಿಗೆ ಸೇರಬೇಕು ಅನ್ನುವುದನ್ನು ಸಾಧನಗಳು ಒಂದರ ಹೆಸರು ಒಂದು ಹಿಡಿದು ಹುಡುಕಿಕೊಳ್ಳುತ್ತವೆ. ಹಾಗಾಗಿ ಹೆಸರಿಡುವ ಕೆಲಸವನ್ನು ವೈರಿಂಗ್ ಅಂತಲೇ ತಿಳಿದು ಮಾಡಬೇಕು. ಈ ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದು ಸಲೀಸು.

ನಾನು ಇಲ್ಲಿ ಹೇಳುವುದು ಡಾಂಟೆ ಬಗ್ಗೆ. ನೆಟ್‌ವರ್ಕ್ ಕೇಬಲ್ ಮೂಲಕ ಆಡಿಯೋ ಕಳಿಸುವ, ಆಸ್ಟ್ರೇಲಿಯಾದ ಆಡಿನೇಟ್ ಕಂಪನಿಯ ತಂತ್ರಜ್ಞಾನ ಇದು, ಕಂಪನಿ ಶುರುವಾದದ್ದು 2006ರಲ್ಲಿ. ಮಿಕ್ಸರ್, ಆಂಪ್, ವೈರ್‌ಲೆಸ್ ಮೈಕ್ ರಿಸೀವರ್ ಹೀಗೆ ಬೇರೆ ಬೇರೆ ಕಂಪನಿಗಳ ಸಾಮಾನಿನಲ್ಲಿ ಇದೇ ಜಾಸ್ತಿ ಸಿಗುತ್ತದೆ. ಎವಿಬಿ ಅಂತ ಇನ್ನೊಂದು ಇದೆ, ಅದಕ್ಕೆ ಅದನ್ನು ಬಲ್ಲ ಸ್ವಿಚ್ಚೇ ಬೇಕು. ಬೇರೆ ಬೇರೆ ಪದ್ಧತಿಗಳು ಪರಸ್ಪರ ಮಾತಾಡಲಿ ಅಂತ 2013ರಲ್ಲಿ ಎಇಎಸ್67 ಅನ್ನುವ ಮಾನದಂಡ ಬಂತು. ಡಾಂಟೆಯ ಎಷ್ಟೋ ಸಾಧನಗಳಲ್ಲಿ ಅದನ್ನು ಆನ್ ಮಾಡಿಕೊಳ್ಳಬಹುದು. ನಿಮ್ಮ ಹತ್ತಿರ ಎಲ್ಲವೂ ಡಾಂಟೆಯೇ ಇದ್ದರೆ ಅದನ್ನು ಮುಟ್ಟಲೇಬೇಡಿ.

ಒಂದು ಸಣ್ಣ ಲೆಕ್ಕ

48 ಕಿಲೋಹರ್ಟ್ಸ್, 24 ಬಿಟ್ ಅಂದರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 1.152 ಮೆಗಾಬಿಟ್. ಡಾಂಟೆ ಇದನ್ನು ಒಂದೊಂದಾಗಿ ಕಳಿಸುವುದಿಲ್ಲ, 4 ಚಾನೆಲ್‌ಗಳನ್ನು ಒಂದು ಕಟ್ಟು ಮಾಡಿ ಕಳಿಸುತ್ತದೆ. ಆ ಕಟ್ಟಿಗೆ ಫ್ಲೋ ಅನ್ನುತ್ತಾರೆ, ಮೇಲಿನ ಹೊದಿಕೆಯೆಲ್ಲ ಸೇರಿ ಒಂದಕ್ಕೆ ಸುಮಾರು 6 ಮೆಗಾಬಿಟ್ ಬೇಕು. 32 ಮೈಕ್‌ಗಳ ಸ್ಟೇಜ್ ಬಾಕ್ಸ್‌ಗೆ 8 ಫ್ಲೋ, ಅಂದರೆ ಸುಮಾರು 48 ಮೆಗಾಬಿಟ್. ಗಿಗಾಬಿಟ್ ಲೈನ್‌ಗೆ ಇದು ಏನೇನೂ ಅಲ್ಲ. ಹಾಗಾಗಿ ಜಾಗ ಸಾಲುತ್ತದಾ ಅಂತ ಚಿಂತೆ ಬೇಡ. ಡಾಂಟೆಯಲ್ಲಿ ಜಾಗಕ್ಕಿಂತ ಹೊತ್ತಿಗೆ ಬೆಲೆ ಜಾಸ್ತಿ: ಪ್ಯಾಕೆಟ್ (ಡೇಟಾದ ಒಂದು ತುಂಡು) ತಡವಾಗಿ ಬಂದರೆ ಅದು ಬರದೇ ಇದ್ದ ಹಾಗೆಯೇ.

ಕೇಬಲ್

ಕ್ಯಾಟ್ 5ಇ ಸಾಕು, ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಹಾಕಿ. ಪೂರ್ತಿ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಈ ಕೆಲಸಕ್ಕೆ ತರಬೇಡಿ. ಬಗ್ಗಿಸಿ ಬಗ್ಗಿಸಿ ಒಳಗೇ ಮುರಿಯುತ್ತದೆ, ಕೇಬಲ್ ಮೂಲಕ ಪವರ್ ಕೊಟ್ಟರೆ ಬಿಸಿಯೂ ಆಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 100 ಮೀಟರ್ ಮಿತಿ. ಮೂಲೆ, ಮೇಲೆ-ಕೆಳಗೆ ಎಲ್ಲ ಸೇರಿಸಿ ಅಳೆಯಿರಿ. ಅದಕ್ಕಿಂತ ದೂರ ಇದ್ದರೆ ನಡುವೆ ಸ್ವಿಚ್ ಇಡಿ, ಇಲ್ಲವೇ ಫೈಬರ್ ಎಳೆಯಿರಿ. ಗೋಡೆಯೊಳಗೆ ಹೋಗುವುದಕ್ಕೆ ಗಟ್ಟಿ ಒಂಟಿ ತಂತಿಯದು, ವೇದಿಕೆ ಮೇಲೆ ದಿನಾ ಸುತ್ತಿ ಬಿಚ್ಚುವುದಕ್ಕೆ ಎಳೆ ಎಳೆಯ ಮೆತ್ತನೆಯದು. ವೇದಿಕೆಯ ಕಡೆ ಲಾಕ್ ಆಗುವ ಈಥರ್‌ಕಾನ್ ಕನೆಕ್ಟರ್ ಇದ್ದರೆ ಒಳ್ಳೆಯದು, ಯಾರಾದರೂ ಎಡವಿದರೂ ಕಿತ್ತು ಬರುವುದಿಲ್ಲ.

ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ, ಒಂದು ಕಡೆ ತುಂಬಾ ಜನ ಜಾರುತ್ತಾರೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೇಬಲ್ ಸಿಪ್ಪೆ ಬಿಡಿಸಿದರೆ ಹೆಣೆದುಕೊಂಡ 4 ಜೋಡಿ ಕಾಣುತ್ತವೆ. ಒತ್ತಿ ಬಿಚ್ಚುವ ಕ್ಲಿಪ್ ಕೆಳಗಿರುವಂತೆ ಕನೆಕ್ಟರ್ ಹಿಡಿದು ಎಡದಿಂದ ಜೋಡಿಸಬೇಕಾದ ಸಾಲು ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೋಡಿ, ಹಸಿರು ಜೋಡಿ ನೀಲಿಯ ಆಚೆ ಈಚೆ ಕೂರುತ್ತದೆ, 3 ಮತ್ತು 6ನೇ ಕಾಲಿಗೆ. ಇದು ವಿಚಿತ್ರವಾಗಿ ಕಾಣುತ್ತದೆ ಅಂತ ಕೆಲವರು ಜೋಡಿ ಪಕ್ಕ ಜೋಡಿ ನೀಟಾಗಿ ಹಾಕುತ್ತಾರೆ, ಎರಡೂ ತುದಿಯಲ್ಲಿ ಒಂದೇ ಥರ ಹಾಕಿದರೆ ಆಯಿತು ಅಲ್ವಾ ಅಂತ. ಎಂಟು ದೀಪದ ಚಿಕ್ಕ ಟೆಸ್ಟರ್‌ನಲ್ಲಿ ಎಂಟೂ ಸರದಿಯಾಗಿ ಉರಿಯುತ್ತವೆ. ಆದರೆ ಸಿಗ್ನಲ್ ಹೋಗುವ ಎರಡು ತಂತಿಗಳು ಬೇರೆ ಬೇರೆ ಹೆಣಿಗೆಯಲ್ಲಿ ಇರುವುದರಿಂದ ಹೊರಗಿನ ಸದ್ದೂ ಪಕ್ಕದ ಜೋಡಿಯ ಸದ್ದೂ ಒಳಗೆ ನುಗ್ಗುತ್ತವೆ. ಲಿಂಕ್ ಬರುತ್ತದೆ, ಹೋಗುತ್ತದೆ, ಆಡಿಯೋ ಚಿಟಿಕೆ ಹೊಡೆಯುತ್ತದೆ. ಆದ್ದರಿಂದ ಮೇಲಿನ ಸಾಲನ್ನೇ ಹಾಕಿ, ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಜಾಸ್ತಿ ಬಿಚ್ಚಬೇಡಿ. ಕ್ರಿಂಪ್ ಒತ್ತುವ ಮೊದಲು ಕನೆಕ್ಟರ್ ಮೂತಿಯನ್ನು ಬೆಳಕಿಗೆ ಹಿಡಿಯಿರಿ. ತಾಮ್ರದ ಎಂಟು ಚುಕ್ಕೆ ಸಾಲಾಗಿ ಹೊಳೆಯಬೇಕು. ಒಂದು ಮಂಕಾಗಿದ್ದರೂ ಕತ್ತರಿಸಿ ಮತ್ತೆ ಮಾಡಿ. ಹೊರಗಿನ ಸಿಪ್ಪೆ ಕನೆಕ್ಟರ್ ಒಳಗೆ ಹೋಗಿ ಅಲ್ಲಿ ಕಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಎಳೆತವೆಲ್ಲ ಆ ಸಣ್ಣ ತಂತಿಗಳ ಮೇಲೆ ಬೀಳುತ್ತದೆ.

ಜಾಗದಲ್ಲಿ ಹಾಕಿದ ಮೇಲೆ ಲಿಂಕ್ ವೇಗ ನೋಡಿ. ಗಿಗಾಬಿಟ್ ಇರಬೇಕಾದ ಕಡೆ 100 ಅಂತ ತೋರಿಸಿದರೆ ನಾಲ್ಕು ಜೋಡಿಯಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ. ಸದ್ಯಕ್ಕೆ ನಡೆಯುತ್ತಿದೆ ಅಂತ ಬಿಡಬೇಡಿ. ಕೆಲವು ಸಣ್ಣ ಸಾಧನಗಳು ಹುಟ್ಟಾ 100 ಮೆಗಾಬಿಟ್‌ನವೇ ಇರುತ್ತವೆ, ಅವುಗಳಲ್ಲಿ ಹಾಗೆ ಕಂಡರೆ ಸರಿಯೇ.

ಸ್ವಿಚ್

ಎರಡು ಮೂರು ಸಾಧನ ಮಾತ್ರ ಇದ್ದರೆ ಸಾದಾ ಗಿಗಾಬಿಟ್ ಸ್ವಿಚ್ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಅದೇ ಸ್ವಿಚ್‌ನಲ್ಲಿ ಬೇರೆ ಡೇಟಾ ಕೂಡ ಓಡುವುದಿದ್ದರೆ, ಸೆಟ್ಟಿಂಗ್ ಬದಲಿಸಲು ಬರುವ ಮ್ಯಾನೇಜ್ಡ್ ಸ್ವಿಚ್ ತನ್ನಿ. ನನ್ನ ಮಾತು ಕೇಳಿದರೆ ಆಡಿಯೋಗೆ ಬೇರೆಯದೇ ಸ್ವಿಚ್ ಇಡಿ, ಇಂಟರ್‌ನೆಟ್, ಸಿಸಿಟಿವಿ ಯಾವುದನ್ನೂ ಅದರ ಹತ್ತಿರ ಬಿಡಬೇಡಿ.

ಮೊದಲು ಮಾಡಬೇಕಾದದ್ದು ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್ ಆಫ್ ಮಾಡುವುದು. ಕರೆಂಟ್ ಉಳಿಸಲು ಪೋರ್ಟ್ ಅರೆಗಳಿಗೆ ನಿದ್ದೆ ಹೋಗುತ್ತದೆ, ಎಚ್ಚರವಾಗುವಷ್ಟರಲ್ಲಿ ಕ್ಲಾಕ್ ಪ್ಯಾಕೆಟ್ ತಡವಾಗುತ್ತದೆ. ಎಲ್ಲವೂ ಸರಿಯಿದ್ದು ಆಗಾಗ ಟಿಕ್ ಟಿಕ್ ಅನ್ನುವ ಸದ್ದು ಬಂದರೆ ನಾನು ಮೊದಲು ನೋಡುವುದು ಇದನ್ನೇ. ಆಮೇಲೆ ಕ್ಯೂಒಎಸ್, ಯಾವ ಪ್ಯಾಕೆಟ್ ಮೊದಲು ಹೋಗಬೇಕು ಅನ್ನುವ ಸೆಟ್ಟಿಂಗ್: ಡಿಎಸ್‌ಸಿಪಿ (ಪ್ಯಾಕೆಟ್ ಮೇಲಿನ ಗುರುತಿನ ನಂಬರ್) 56 ಎಲ್ಲಕ್ಕಿಂತ ಮೇಲೆ, ಅದು ಕ್ಲಾಕ್. 46 ಅದರ ಕೆಳಗೆ, ಅದು ಆಡಿಯೋ. 8 ಮೂರನೆಯದು. ಉಳಿದದ್ದೆಲ್ಲ ಕೊನೆಗೆ. ಆಡಿಯೋಗಿಂತ ಕ್ಲಾಕ್ ಮುಂದೆ ಇದೆ ಗಮನಿಸಿ, ಅದು ಹಾಗೆಯೇ ಇರಬೇಕು. ಮಲ್ಟಿಕಾಸ್ಟ್ (ಒಂದೇ ಫ್ಲೋವನ್ನು ಹಲವರಿಗೆ ಒಟ್ಟಿಗೆ ಕಳಿಸುವುದು) ಬಳಸುವುದಿದ್ದರೆ, ಅದನ್ನು ಬೇಕೆಂದವರಿಗೆ ಮಾತ್ರ ತಲುಪಿಸುವ ಐಜಿಎಂಪಿ ಸ್ನೂಪಿಂಗ್ ಆನ್ ಮಾಡಿ, ಯಾರಿಗೆ ಬೇಕು ಅಂತ ವಿಚಾರಿಸುತ್ತಿರುವ ಕ್ವೆರಿಯರ್ ಆಗಿ ನೆಟ್‌ವರ್ಕ್‌ನಲ್ಲಿ ಒಂದು ಸ್ವಿಚ್ ಇರಲಿ.

ವೈಫೈ ಮೂಲಕ ಡಾಂಟೆ ಆಡಿಯೋ ಕಳಿಸಲು ಹೋಗಬೇಡಿ. ಟ್ಯಾಬ್ಲೆಟ್‌ನಿಂದ ಮಿಕ್ಸರ್ ಆಡಿಸುವ ವೈಫೈ ಬೇರೆ, ಅದನ್ನು ಮಿಕ್ಸರ್‌ನ ಕಂಟ್ರೋಲ್ ಪೋರ್ಟ್‌ಗೆ ಹಾಕಿ.

ಎಷ್ಟೋ ಸಾಧನಗಳ ಹಿಂದೆ ಪ್ರೈಮರಿ, ಸೆಕೆಂಡರಿ ಅಂತ ಎರಡು ಪೋರ್ಟ್ ಇರುತ್ತವೆ. ಇವನ್ನು ಎರಡು ರೀತಿ ಬಳಸಬಹುದು. ಸ್ವಿಚ್ಡ್ ಮೋಡ್‌ನಲ್ಲಿ ಎರಡೂ ಒಂದೇ ನೆಟ್‌ವರ್ಕ್, ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಪೋಣಿಸಬಹುದು. ರಿಡಂಡೆಂಟ್ ಮೋಡ್‌ನಲ್ಲಿ ಅವು ಎರಡು ಪೂರ್ತಿ ಬೇರೆ ನೆಟ್‌ವರ್ಕ್, ಬೇರೆ ಸ್ವಿಚ್, ಬೇರೆ ಕೇಬಲ್, ಆದಷ್ಟೂ ಬೇರೆ ದಾರಿ. ಒಂದೇ ಆಡಿಯೋ ಎರಡರಲ್ಲೂ ಸದಾ ಓಡುತ್ತಿರುತ್ತದೆ, ಒಂದು ಕಡಿದರೆ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಇವೆರಡನ್ನೂ ಎಂದಿಗೂ ಒಂದೇ ಸ್ವಿಚ್‌ಗೆ ಸುಮ್ನೆ ಚುಚ್ಚಬೇಡಿ. ಸ್ವಿಚ್ಡ್ ಮೋಡ್‌ನಲ್ಲಿ ಹಾಗೆ ಮಾಡಿದರೆ ಡೇಟಾ ಸುತ್ತು ಹೊಡೆಯುತ್ತಾ ಇಡೀ ನೆಟ್‌ವರ್ಕ್ ಉಸಿರುಗಟ್ಟುತ್ತದೆ. ಪ್ರೈಮರಿಗೆ ಒಂದು ಬಣ್ಣದ ಕೇಬಲ್, ಸೆಕೆಂಡರಿಗೆ ಇನ್ನೊಂದು ಬಣ್ಣ ಅಂತ ಇಟ್ಟುಕೊಂಡರೆ ಕತ್ತಲಲ್ಲೂ ತಪ್ಪಾಗುವುದಿಲ್ಲ.

ಐಪಿ ವಿಳಾಸ ಮುಟ್ಟಬೇಡಿ. ಹಾಗೇ ಬಿಟ್ಟರೆ ಪ್ರೈಮರಿಯಲ್ಲಿ 169.254, ಸೆಕೆಂಡರಿಯಲ್ಲಿ 172.31 ಅಂತ ಶುರುವಾಗುವ ವಿಳಾಸಗಳನ್ನು ಅವೇ ತೆಗೆದುಕೊಳ್ಳುತ್ತವೆ. ಅರ್ಧ ಸಾಧನಕ್ಕೆ ಕೈಯಿಂದ ವಿಳಾಸ ಕೊಟ್ಟು ಅರ್ಧ ಬಿಟ್ಟರೆ ಮಾತ್ರ ಒಂದಕ್ಕೊಂದು ಕಾಣದೆ ತಲೆನೋವು.

ಹೆಸರು

ಲ್ಯಾಪ್‌ಟಾಪ್‌ನಲ್ಲಿ ಡಾಂಟೆ ಕಂಟ್ರೋಲರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಕೇಬಲ್ ಹಾಕಿರುವ ಪೋರ್ಟನ್ನೇ ಆರಿಸಿ. ಏನೂ ಕಾಣದಿದ್ದರೆ ಫೈರ್‌ವಾಲ್ ಕಡೆ ನೋಡಿ.

ಈಗ ಪ್ರತಿ ಸಾಧನಕ್ಕೂ ಹೆಸರು. 31 ಅಕ್ಷರದವರೆಗೆ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ, ನಡುವೆ ಖಾಲಿ ಜಾಗ ಬೇಡ. ಮಾಡೆಲ್ ಹೆಸರು ಇಡಬೇಡಿ. ಅದು ಇರುವ ಜಾಗದ ಹೆಸರಿಡಿ: Vedike-Eda, Vedike-Bala, Amp-Room-1. ಮುಂದೆ ಬೇರೆ ಕಂಪನಿಯ ಬಾಕ್ಸ್ ಬಂದರೂ ಆ ಹೆಸರು ಸುಳ್ಳಾಗುವುದಿಲ್ಲ. ಸ್ಟೇಜ್ ಬಾಕ್ಸ್‌ನ ಚಾನೆಲ್‌ಗಳಿಗೆ ಸಾಕೆಟ್ ನಂಬರ್ ಮಾತ್ರ ಇಡಿ. ಯಾವ ವಾದ್ಯ, ಯಾರ ಮೈಕ್ ಅನ್ನುವುದನ್ನು ಮಿಕ್ಸರ್‌ನಲ್ಲಿ ಬರೆದುಕೊಳ್ಳಿ, ಅದು ಪ್ರತಿ ಕಾರ್ಯಕ್ರಮಕ್ಕೂ ಬದಲಾಗುತ್ತದೆ. ಸಾಕೆಟ್ ಬದಲಾಗುವುದಿಲ್ಲ.

ಒಮ್ಮೆ ಕಾರ್ಯಕ್ರಮಕ್ಕೆ ಒಂದು ಗಂಟೆ ಇರುವಾಗ ನಮ್ಮ ತಂಡದ ಹುಡುಗನೊಬ್ಬ ಸ್ಟೇಜ್ ಬಾಕ್ಸ್ ಹೆಸರು ಚೆನ್ನಾಗಿಲ್ಲ ಅಂತ ಒಳ್ಳೆಯ ಮನಸ್ಸಿನಿಂದಲೇ ಬದಲಿಸಿದ. ಮಿಕ್ಸರ್‌ನ 32 ಚಾನೆಲ್‌ಗಳೂ ಒಟ್ಟಿಗೆ ಸುಮ್ಮನಾದವು. ಎಲ್ಲರೂ ಕೇಬಲ್ ಕಡೆ ಓಡಿದರು. ಕಂಟ್ರೋಲರ್ ತೆರೆದರೆ ಹಸಿರು ಟಿಕ್ ಇದ್ದ ಕಡೆಯೆಲ್ಲ ಎಚ್ಚರಿಕೆಯ ಗುರುತು. ಮಿಕ್ಸರ್ ಹಳೆಯ ಹೆಸರನ್ನೇ ಕೂಗುತ್ತಿತ್ತು, ಆ ಹೆಸರಿನವರು ಯಾರೂ ಇರಲಿಲ್ಲ. ಹಳೆಯ ಹೆಸರನ್ನು ಅಡ್ಡಗೆರೆಯ ಸಮೇತ ಹಾಗೇ ಮತ್ತೆ ಟೈಪ್ ಮಾಡಿದೆ. ಟಿಕ್‌ಗಳು ಒಂದೊಂದಾಗಿ ಹಸಿರಾಗುತ್ತಾ ಬಂದವು, ವೇದಿಕೆಯಿಂದ ದನಿ ವಾಪಸ್ ಬಂತು. ಕೇಬಲ್ ಒಂದನ್ನೂ ಮುಟ್ಟಲಿಲ್ಲ.

ಇದೇ ಗುಣ ನಿಮ್ಮ ಉಪಯೋಗಕ್ಕೂ ಬರುತ್ತದೆ. ಸ್ಟೇಜ್ ಬಾಕ್ಸ್ ಕೆಟ್ಟರೆ ಅಂಥದ್ದೇ ಇನ್ನೊಂದನ್ನು ತಂದು, ಅದೇ ಹೆಸರು, ಅದೇ ಚಾನೆಲ್ ಹೆಸರುಗಳನ್ನು ಕೊಟ್ಟರೆ ಮಿಕ್ಸರ್ ತಾನಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹಳೆಯದು ಆ ಹೊತ್ತಿನಲ್ಲಿ ನೆಟ್‌ವರ್ಕ್‌ನಲ್ಲಿ ಇರಬಾರದು ಅಷ್ಟೇ.

ಕ್ಲಾಕ್

ಪ್ರತಿ ಸಾಧನವೂ ಸೆಕೆಂಡಿಗೆ 48,000 ಸಲ ಸ್ಯಾಂಪಲ್ (ದನಿಯ ಅಳತೆ) ತೆಗೆಯುತ್ತದೆ. ಎರಡು ಸಾಧನಗಳ ಗಡಿಯಾರ ಕೂದಲಷ್ಟು ಹೆಚ್ಚುಕಮ್ಮಿ ಇದ್ದು, ಒಂದು 48,000 ಕಳಿಸುವಾಗ ಇನ್ನೊಂದು 48,001 ಕೇಳಿದರೆ, ಸೆಕೆಂಡಿಗೆ ಒಂದು ಸ್ಯಾಂಪಲ್ ಕಮ್ಮಿ ಬೀಳುತ್ತದೆ. ಅದೇ ಕ್ಲಿಕ್ ಸದ್ದು. ಅದಕ್ಕೇ ನೆಟ್‌ವರ್ಕ್‌ನಲ್ಲಿ ಒಬ್ಬರು ಲೀಡರ್, ಉಳಿದವರೆಲ್ಲ ಅವರ ಹಿಂದೆ. ಡಾಂಟೆ ಲೀಡರನ್ನು ತಾನೇ ಆರಿಸುತ್ತದೆ. ಆದರೂ ಕ್ಲಾಕ್ ಸ್ಟೇಟಸ್ ಪುಟಕ್ಕೆ ಹೋಗಿ, ಸದಾ ಆನ್ ಇರುವ ಒಂದು ಸಾಧನಕ್ಕೆ ಪ್ರಿಫರ್ಡ್ ಲೀಡರ್ ಅಂತ ಟಿಕ್ ಹಾಕಿ. ಹಳೆಯ ಆವೃತ್ತಿಗಳಲ್ಲಿ ಲೀಡರ್ ಬದಲು ಮಾಸ್ಟರ್ ಅಂತ ಇರುತ್ತದೆ.

ಇಲ್ಲಿ ಎಲ್ಲರೂ ಮರೆಯುವುದು ಮಿಕ್ಸರ್ ಒಳಗಿನ ಸೆಟ್ಟಿಂಗ್. ಡಾಂಟೆ ಕಾರ್ಡ್ ಬೇರೆ, ಮಿಕ್ಸರ್‌ನ ಸ್ವಂತ ಗಡಿಯಾರ ಬೇರೆ. ಸ್ಟೇಜ್ ಬಾಕ್ಸ್ ಲೀಡರ್ ಆಗಿದ್ದರೆ ಮಿಕ್ಸರ್‌ನ ಕ್ಲಾಕ್ ಸೋರ್ಸ್ ಪುಟದಲ್ಲಿ ಡಾಂಟೆ ಆರಿಸಬೇಕು. ಮಿಕ್ಸರ್ ತನ್ನದೇ ಗಡಿಯಾರದಲ್ಲಿ ಓಡಬೇಕು ಅಂತಿದ್ದರೆ, ಕಂಟ್ರೋಲರ್‌ನಲ್ಲಿ ಅದರ ಮುಂದೆ ಸಿಂಕ್ ಟು ಎಕ್ಸ್‌ಟರ್ನಲ್ ಆನ್ ಮಾಡಿ ಅದನ್ನೇ ಲೀಡರ್ ಮಾಡಬೇಕು. ಎರಡೂ ಮಾಡದೆ ಬಿಟ್ಟರೆ ಕಂಟ್ರೋಲರ್‌ನಲ್ಲಿ ಎಲ್ಲ ಹಸಿರು ಕಾಣುತ್ತದೆ, ಸ್ಪೀಕರ್‌ನಲ್ಲಿ ಮಾತ್ರ ಕ್ಲಿಕ್ ಕೇಳುತ್ತದೆ. ಸ್ಯಾಂಪಲ್ ರೇಟ್ ಎಲ್ಲ ಕಡೆ ಒಂದೇ ಇರಲಿ, 48 ಇಟ್ಟರೆ ಸಾಕು. ಬೇರೆ ಬೇರೆ ಇದ್ದರೆ ಸಂಪರ್ಕವೇ ಆಗುವುದಿಲ್ಲ.

ಲೇಟೆನ್ಸಿ, ಅಂದರೆ ದನಿ ತಲುಪುವಲ್ಲಿ ಆಗುವ ತಡ, ಕಾರ್ಖಾನೆಯಿಂದ 1 ಮಿಲಿಸೆಕೆಂಡ್‌ಗೆ ಬರುತ್ತದೆ. ಅದನ್ನು ಹಾಗೇ ಬಿಡಿ. ಗಾಳಿಯಲ್ಲಿ ದನಿ 1 ಮಿಲಿಸೆಕೆಂಡ್‌ಗೆ ಹೋಗುವುದು ಸುಮಾರು 34 ಸೆಂಟಿಮೀಟರ್, ಅಂದರೆ ಸ್ಪೀಕರ್‌ನಿಂದ ಅರ್ಧ ಹೆಜ್ಜೆ ಹಿಂದೆ ನಿಂತಂತೆ. ನಡುವೆ ಸ್ವಿಚ್‌ಗಳು ಕಮ್ಮಿ ಇದ್ದರೆ 0.25ಕ್ಕೂ ಇಳಿಸಬಹುದು, ಆದರೆ ಅದರಿಂದ ಕಿವಿಗೆ ಸಿಗುವ ಲಾಭಕ್ಕಿಂತ ಆಗುವ ಆತಂಕ ಜಾಸ್ತಿ. ಲ್ಯಾಪ್‌ಟಾಪ್‌ನಲ್ಲಿ ಡಾಂಟೆ ವರ್ಚುವಲ್ ಸೌಂಡ್‌ಕಾರ್ಡ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ 64 ಚಾನೆಲ್‌ವರೆಗೆ ರೆಕಾರ್ಡ್ ಮಾಡಬಹುದು. ಅದಕ್ಕೆ 4 ಮಿಲಿಸೆಕೆಂಡ್ ಅಥವಾ ಇನ್ನೂ ಜಾಸ್ತಿ ಬೇಕು. ರೆಕಾರ್ಡಿಂಗ್‌ಗೆ ಅದು ತೊಂದರೆಯೇ ಅಲ್ಲ.

ಪ್ಯಾಚ್

ಆಂಪ್‌ಗಳನ್ನು ಮ್ಯೂಟ್ ಮಾಡಿ ಶುರು ಮಾಡಿ. ಕಂಟ್ರೋಲರ್‌ನ ರೂಟಿಂಗ್ ಪುಟದಲ್ಲಿ ಮೇಲೆ ಅಡ್ಡಕ್ಕೆ ಕಳಿಸುವವರು, ಎಡಕ್ಕೆ ಉದ್ದಕ್ಕೆ ಪಡೆಯುವವರು. ಕೂಡುವ ಚೌಕದಲ್ಲಿ ಕ್ಲಿಕ್ ಮಾಡಿ, ಹಸಿರು ಟಿಕ್ ಬಂದರೆ ಆಯಿತು. 32ನ್ನೂ ಒಂದೊಂದಾಗಿ ಒತ್ತಬೇಕಿಲ್ಲ: ಎರಡು ಸಾಧನ ಕೂಡುವ ಮೂಲೆಯ ಕಳೆಯುವ ಗುರುತನ್ನು ಕಂಟ್ರೋಲ್ ಕೀ ಹಿಡಿದು ಒತ್ತಿದರೆ 1ಕ್ಕೆ 1, 2ಕ್ಕೆ 2 ಅಂತ ಸಾಲಾಗಿ ಸೇರಿಕೊಳ್ಳುತ್ತವೆ. ಒಂದು ಮೈಕನ್ನು ಮಿಕ್ಸರ್‌ಗೂ ರೆಕಾರ್ಡಿಂಗ್‌ಗೂ ಎರಡಕ್ಕೂ ಕಳಿಸಬಹುದು. ಎರಡು ಮೈಕನ್ನು ಒಂದೇ ಇನ್‌ಪುಟ್‌ಗೆ ಸೇರಿಸಲು ಬರುವುದಿಲ್ಲ, ಬೆರೆಸುವುದು ಮಿಕ್ಸರ್ ಕೆಲಸ.

ಒಂದೆರಡು ಚಾನೆಲ್‌ನ ಸಣ್ಣ ಅಡಾಪ್ಟರ್ ಬಳಸುವವರು ಇದನ್ನು ನೆನಪಿಡಿ. ಅವುಗಳಲ್ಲಿ ಹೊರಗೆ ಕಳಿಸಲು ಎರಡೇ ಫ್ಲೋ ಇರುತ್ತವೆ. ಮೂರನೇ ಸಾಧನಕ್ಕೆ ಕೊಡಲು ಹೋದರೆ ಸಂಪರ್ಕ ಆಗುವುದಿಲ್ಲ. ಆಗ ಆ ಅಡಾಪ್ಟರ್‌ನಲ್ಲಿ ಮಲ್ಟಿಕಾಸ್ಟ್ ಫ್ಲೋ ಮಾಡಿ, ಒಂದೇ ಫ್ಲೋವನ್ನು ಎಷ್ಟು ಜನ ಬೇಕಾದರೂ ಕೇಳಬಹುದು. ಕೇಬಲ್‌ನಿಂದಲೇ ಪವರ್ ಪಡೆಯುವ ಅಡಾಪ್ಟರ್ ಆದರೆ ಪಿಒಇ ಕೊಡುವ ಸ್ವಿಚ್ ಬೇಕು.

ಇನ್ನೊಂದು ಮಾತು, ಕೊಳ್ಳುವ ಮೊದಲೇ ತಿಳಿದಿರಬೇಕಾದದ್ದು. ಡಾಂಟೆ ಒಯ್ಯುವುದು ಆಡಿಯೋ. ಸ್ಟೇಜ್ ಬಾಕ್ಸ್‌ನ ಗೇನ್ (ಮೈಕ್ ಸಿಗ್ನಲ್ ಏರಿಸುವ ಮಟ್ಟ) ಮತ್ತು ಕೆಲವು ಮೈಕ್‌ಗಳಿಗೆ ಬೇಕಾಗುವ 48 ವೋಲ್ಟ್ ಫ್ಯಾಂಟಮ್ ಪವರನ್ನು ಮಿಕ್ಸರ್‌ನಿಂದ ಆಡಿಸಲು ಬರುತ್ತದಾ ಅನ್ನುವುದು ಆ ಎರಡು ಸಾಧನಗಳ ಹೊಂದಾಣಿಕೆಗೆ ಬಿಟ್ಟಿದ್ದು. ಬೇರೆ ಬೇರೆ ಕಂಪನಿಯದಾದರೆ ದನಿ ಬರುತ್ತದೆ, ಗೇನ್ ಸಿಗದೆ ಹೋಗಬಹುದು. ಎರಡರ ಕೈಪಿಡಿಯನ್ನೂ ಓದಿ ನೋಡಿ.

ಪರೀಕ್ಷೆ

ಒಂದೇ ಮೈಕ್ ಹಿಡಿದು 1ರಿಂದ 32ರವರೆಗೆ ಪ್ರತಿ ಸಾಕೆಟ್‌ಗೂ ಹಾಕಿ ಮಾತಾಡಿ, ಮಿಕ್ಸರ್ ಹತ್ತಿರ ಇನ್ನೊಬ್ಬರು ನಂಬರ್ ಕೂಗಲಿ. ಬೇಸರದ ಕೆಲಸ, ಆದರೂ ಪೂರ್ತಿ ಮಾಡಿ. ಆಮೇಲೆ, ರಿಡಂಡೆಂಟ್ ಮೋಡ್‌ನಲ್ಲಿ ಜೋಡಿಸಿದ್ದರೆ, ಹಾಡು ಹಾಕಿ, ಅದು ಓಡುತ್ತಿರುವಾಗಲೇ ಪ್ರೈಮರಿ ಕೇಬಲ್ ಕೀಳಿ. ನಿಲ್ಲಬಾರದು. ವಾಪಸ್ ಹಾಕಿ, ಒಂದು ನಿಮಿಷ ಬಿಟ್ಟು ಸೆಕೆಂಡರಿ ಕೀಳಿ. ಆಗಲೂ ನಿಲ್ಲಬಾರದು. ಮಾಡಿ ನೋಡದ ರಿಡಂಡೆನ್ಸಿಯನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ.

ಕೊನೆಗೆ ಕಂಟ್ರೋಲರ್‌ನಲ್ಲಿ ಪ್ರಿಸೆಟ್ ಫೈಲ್ ಉಳಿಸಿ, ಅದರ ಪ್ರತಿಯನ್ನು ಬೇರೆ ಕಡೆಯೂ ಇಡಿ. ಲ್ಯಾಪ್‌ಟಾಪ್ ಕೇಬಲ್ ತೆಗೆದುಬಿಡಿ. ಎಲ್ಲದರ ಪವರ್ ಆಫ್ ಮಾಡಿ. ಮೊದಲು ಸ್ವಿಚ್, ಆಮೇಲೆ ಸ್ಟೇಜ್ ಬಾಕ್ಸ್ ಮತ್ತು ಮಿಕ್ಸರ್, ಎಲ್ಲಕ್ಕಿಂತ ಕೊನೆಗೆ ಆಂಪ್ ಆನ್ ಮಾಡಿ. ಯಾರಿಂದ ಏನು ಪಡೆಯಬೇಕು ಅನ್ನುವುದು ಪಡೆಯುವ ಸಾಧನದಲ್ಲೇ ಉಳಿದಿರುತ್ತದೆ, ಹಾಗಾಗಿ ಲ್ಯಾಪ್‌ಟಾಪ್ ಇಲ್ಲದೆಯೇ ದನಿ ಬರಬೇಕು. ಬಂದರೆ ಡಿವೈಸ್ ಲಾಕ್ ಹಾಕಿ, ನಾಲ್ಕು ಅಂಕಿಯ ಪಿನ್, ಇನ್ನೊಬ್ಬರು ಹೆಸರು ಬದಲಿಸಲು ಆಗುವುದಿಲ್ಲ. ಸಾಧನಗಳ ಹೆಸರು, ಸ್ವಿಚ್‌ನ ಯಾವ ಪೋರ್ಟ್‌ನಲ್ಲಿ ಯಾವುದು ಅನ್ನುವ ಪಟ್ಟಿಯನ್ನು ಪ್ರಿಂಟ್ ಮಾಡಿ ರ‍್ಯಾಕ್ ಬಾಗಿಲಿನ ಒಳಮೈಗೆ ಅಂಟಿಸಿ. ಪಿನ್ ಮಾತ್ರ ಅಲ್ಲಿ ಬರೆಯಬೇಡಿ, ಅದನ್ನು ಇಬ್ಬರು ತಿಳಿದಿರಲಿ.